ಘಟ್ಟದ ದಾರಿಯಲ್ಲಿ ಬೈಸಿಕಲ್ಲು

ಸೋಮೇಶ್ವರದಿಂದ ಆಗುಂಬೆಗೆ ಏರುವ ದಾರಿಯಲ್ಲಿ 14 ಕಡಿದಾದ ತಿರುವುಗಳಿವೆ. ವಾಹನಗಳು ವಿರಳವಾಗಿರುವ ಮುಂಜಾನೆಯಲ್ಲಿ ಬೈಸಿಕಲ್ಲನ್ನೇರಿ ಹೊರಟವನಿಗೆ ಕಾಡಿನ ಸದ್ದೆಲ್ಲವೂ ಕೇಳಿಸುತ್ತದೆ. ಈ ಸುಖಕ್ಕೆ ತೆರಬೇಕಾದ ಬೆಲೆಯೆಷ್ಟು?

ಸವಾರನೂ ಬೈಸಿಕಲ್ಲೂ ಸೇರಿ ತೂಕ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಷ್ಟು ಭಾರವನ್ನು 500 ಮೀಟರ್ ಮೇಲೆತ್ತಲು ಸುಮಾರು 94 ಕಿಲೋಕ್ಯಾಲರಿ ಶಕ್ತಿ ಬೇಕು. ಆದರೆ ನಮ್ಮ ಸ್ನಾಯುಗಳು ಆಹಾರದಿಂದ ಪಡೆದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು, ಉಳಿದುದು ಶಾಖವಾಗುತ್ತದೆ. ಬೆವರು ಹರಿಯುವುದು ಅದರಿಂದಲೇ. ಆದುದರಿಂದ ಏರಿಕೆಗೆ ತಗಲುವ ವೆಚ್ಚ ಸುಮಾರು 375 ಕಿಲೋಕ್ಯಾಲರಿ. ಸರಪಣಿಯನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸಿದರೆ ತುಳಿತ ಹಗುರವಾದೀತು. ಆದರೆ ತುಳಿತಗಳ ಸಂಖ್ಯೆ ಹೆಚ್ಚುವುದರಿಂದ ಒಟ್ಟು ಕೆಲಸ ಕಡಿಮೆಯಾಗದು.

ಅಪಾಯವಿರುವುದು ಇಳಿತದಲ್ಲಿ. ಏರುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕಷ್ಟೆ. ನಿಧಾನವಾಗಿ ಇಳಿದರೆ ಅದರ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು 94 ಕಿಲೋಕ್ಯಾಲರಿ ಸಾಕು! ಚಕ್ರದ ಅಂಚನ್ನು ಹಿಡಿಯುವ ಬ್ರೇಕಾದರೆ, ಅಂಚು ಅತಿಯಾಗಿ ಕಾಯ್ದು ಟ್ಯೂಬು ಒಡೆಯಬಹುದು. ಅಂಚು ಒದ್ದೆಯಾದಾಗಲಂತೂ ಘರ್ಷಣೆ ಕುಗ್ಗಿ, ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿ ಇದನ್ನು ಮರೆಯಲಾಗದು.

ಹಾಗಾದರೆ ಉಪಾಯವೇನು? ಬ್ರೇಕನ್ನು ಎಡೆಬಿಡದೆ ಹಿಡಿದಿರಬಾರದು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಕಣ್ಣಿಗೆ ಕಾಣುವ ನೇರ ಭಾಗದಲ್ಲಿ ಬ್ರೇಕನ್ನು ಸಡಿಲಿಸಬೇಕು. ಆಗ ಗಾಳಿಯ ತಡೆಯೇ ಸ್ವಲ್ಪ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಅಂಚೂ ತಣಿಯುತ್ತದೆ. ಅಷ್ಟರಿಂದಲೂ ಸಾಲದಾದರೆ ದಾರಿಯ ಬದಿಗೆ ಸರಿದು ನಿಲ್ಲುವುದೇ ಲೇಸು. ಚಕ್ರ ತಣಿಯುವವರೆಗೆ ಕಿವಿಗೊಡಲು ಕಾಡಿದೆಯಲ್ಲ!