ಸತ್ತ ಮೀನೂ ಮನಸ್ಸು ಓದಿತಂತೆ!

ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಅವರ ಜೊತೆಗಾರರು ಒಮ್ಮೆ ಮಾರುಕಟ್ಟೆಯಿಂದ ಒಂದು ಸಾಲ್ಮನ್ ಮೀನು ತಂದು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿದರು. ಸುಮಾರು 18 ಇಂಚು ಉದ್ದದ ಮೀನು. ಅದರ ಮುಂದೆ ಮನುಷ್ಯರ ಫೋಟೊಗಳನ್ನು ಒಂದೊಂದಾಗಿ ಹಿಡಿದು, ‘ಇವರ ಮನಸ್ಸಿನಲ್ಲಿ ಈಗ ಯಾವ ಭಾವನೆ ಇದೆ, ಹೇಳು’ ಎಂದು ಕೇಳಿದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಮೀನಿನ ಮಿದುಳಿನಲ್ಲಿ ಚಟುವಟಿಕೆಯ ಕೆಂಪು ಚುಕ್ಕೆಗಳು! ವಿಷಯ ಏನಪ್ಪಾ ಅಂದರೆ, ಆ ಮೀನು ಯಾವಾಗಲೋ ಸತ್ತಿತ್ತು.

ಇದು ತಮಾಷೆಯಂತೆ ಕಂಡರೂ ಅವರು ಹೇಳಹೊರಟಿದ್ದು ಗಂಭೀರವಾದ ಮಾತನ್ನೇ. 2009ರಲ್ಲಿ ಇದನ್ನು ಮಿದುಳು ವಿಜ್ಞಾನಿಗಳ ಸಮ್ಮೇಳನವೊಂದರಲ್ಲೇ ಮಂಡಿಸಿದರು. 2012ರಲ್ಲಿ ಇದಕ್ಕೆ ‘ಇಗ್ ನೊಬೆಲ್’ ಪ್ರಶಸ್ತಿ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು.

ಎಂಜಿನಿಯರಿಂಗ್ ಓದುವವಳಿಗೆ ಮೀನಿನ ಮಿದುಳು ಯಾಕೆ ಬೇಕು ಅಂತೀರಾ? ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ನಾವೆಲ್ಲ ಬೈದುಕೊಂಡು ಕಲಿಯುವ ಒಂದು ಅಧ್ಯಾಯವಿದೆ, ಹೈಪಾಥಿಸಿಸ್ ಟೆಸ್ಟಿಂಗ್. ಪರೀಕ್ಷೆ ಬರೆದ ಮರುದಿನವೇ ಮರೆಯುವ ಆ ಶೇ 5ರ ಲೆಕ್ಕದಲ್ಲೇ ಸತ್ತ ಮೀನಿನ ಗುಟ್ಟೂ ಇದೆ. ನಿಜವಾಗಿ ಏನೂ ಇಲ್ಲದಿದ್ದರೂ ಬರೀ ಅದೃಷ್ಟದಿಂದ ‘ಏನೋ ಇದೆ’ ಎಂದು ಕಾಣುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ, ಆ ಫಲಿತಾಂಶಕ್ಕೆ ಮರ್ಯಾದೆ ಕೊಡೋಣ ಎಂಬುದು ಸಂಶೋಧಕರಲ್ಲಿ ಬೆಳೆದು ಬಂದ ರೂಢಿ. ಒಂದೇ ಪರೀಕ್ಷೆ ಮಾಡಿದರೆ ಸರಿ. ಇಪ್ಪತ್ತು ಪರೀಕ್ಷೆ ಮಾಡಿದರೆ? ಅವುಗಳಲ್ಲಿ ಒಂದಾದರೂ ಸುಮ್ಮಸುಮ್ಮನೆ ‘ಪಾಸ್’ ಆಗುವ ಸಾಧ್ಯತೆ ಶೇ 64! ಮಿದುಳಿನ ಸ್ಕ್ಯಾನಿನಲ್ಲಂತೂ ಸಾವಿರಾರು ಪುಟ್ಟ ಚೌಕಗಳು, ಪ್ರತಿಯೊಂದಕ್ಕೂ ಒಂದೊಂದು ಪರೀಕ್ಷೆ. ಪಟ್ಟನ್ನು ಬಿಗಿ ಮಾಡಿ ಸಾವಿರಕ್ಕೊಂದು ತಪ್ಪು ಸಾಕು ಎಂದರೂ, ಹತ್ತು ಸಾವಿರ ಚೌಕಗಳಲ್ಲಿ ಹತ್ತು ಚೌಕ ಬೇಕಾಬಿಟ್ಟಿ ಬೆಳಗುತ್ತವೆ, ಮೀನು ಸತ್ತಿದ್ದರೂ. ಇಷ್ಟೊಂದು ಪರೀಕ್ಷೆ ಮಾಡಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ತಿದ್ದುಪಡಿ ಮಾಡಿದಾಗ ಬೆನೆಟ್ ತಂಡದ ಕೆಂಪು ಚುಕ್ಕೆಗಳೆಲ್ಲ ಮಾಯವಾದವು. ಆ ಕಾಲದ ಎಷ್ಟೋ ಪ್ರಬಂಧಗಳಲ್ಲಿ ಈ ತಿದ್ದುಪಡಿಯೇ ಇರಲಿಲ್ಲ ಎಂಬುದು ಅವರ ತಕರಾರು.

ಮನಃಶಾಸ್ತ್ರದವರ ಮನೆಯಲ್ಲೂ ಇಂಥದ್ದೇ ಗಲಾಟೆ ನಡೆದಿದೆ. ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ನೂರಾರು ಸಂಶೋಧಕರು ಸೇರಿ ಮೊದಲಿನಿಂದ ಮತ್ತೆ ಮಾಡಿ ನೋಡಿದರು. 2015ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮೂಲ ಅಧ್ಯಯನಗಳಲ್ಲಿ ಶೇ 97ರಷ್ಟು ಆ ಶೇ 5ರ ಗೆರೆ ದಾಟಿದ್ದವು, ಎರಡನೇ ಸಲ ದಾಟಿದ್ದು ಶೇ 36 ಮಾತ್ರ. ಇದನ್ನು ಓದಿ ‘ಮನಃಶಾಸ್ತ್ರ ಅಂದರೆ ಬುರುಡೆ’ ಎಂದು ನಗುವ ನಮ್ಮ ಬ್ರ್ಯಾಂಚಿನ ಹುಡುಗರಿಗೆ ನನ್ನದೊಂದು ಪ್ರಶ್ನೆ. ತಮ್ಮದೇ ಮನೆಯ ಕಸವನ್ನು ತಾವೇ ಅಂಗಳಕ್ಕೆ ತಂದು ಎಣಿಸಿ ತೋರಿಸಿದವರು ಇನ್ಯಾರಿದ್ದಾರೆ? ನಮ್ಮ ಮಿನಿ ಪ್ರಾಜೆಕ್ಟುಗಳನ್ನು ಬೇರೆಯವರು ಮತ್ತೆ ಜೋಡಿಸಿ ನೋಡಿದರೆ ಎಷ್ಟು ಓಡುತ್ತವೋ!

ಈ ಓದೆಲ್ಲ ಉಪಯೋಗಕ್ಕೆ ಬಂದದ್ದು ದಸರಾ ರಜೆಯಲ್ಲಿ. ಚಿಕ್ಕಮ್ಮನ ಮಗನಿಗೆ ಒಂಬತ್ತು ವರ್ಷ. ಅವರ ಊರಿನ ಕೇಂದ್ರವೊಂದರಲ್ಲಿ ‘ಮಿಡ್‌ಬ್ರೈನ್ ಆ್ಯಕ್ಟಿವೇಷನ್’ ತರಗತಿಗೆ ಸೇರಿಸಿದ್ದರು. ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತಾರೆ, ಬಣ್ಣ ಹೇಳುತ್ತಾರೆ, ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಪಾಂಪ್ಲೆಟಿನಲ್ಲಿತ್ತು. ‘ವಿಜ್ಞಾನಿಗಳ ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಸಾಲೂ ಇತ್ತು. ಯಾವ ವಿಜ್ಞಾನಿ, ಯಾವ ಸಂಶೋಧನೆ ಎಂಬುದು ಮಾತ್ರ ಇರಲಿಲ್ಲ. ಮೊದಲ ಹಂತದ ಫೀಸು ಕಟ್ಟಿಯಾಗಿತ್ತು. ಎರಡನೇ ಹಂತಕ್ಕೆ 18 ಸಾವಿರ ರೂಪಾಯಿ. ಅದಕ್ಕೆಂದು ಚಿಕ್ಕಮ್ಮ ಚೀಟಿ ಎತ್ತುವವರಿದ್ದರು.

ಮಿಡ್‌ಬ್ರೈನ್ ಎಂಬ ಭಾಗ ಮಿದುಳಿನಲ್ಲಿ ನಿಜವಾಗಿಯೂ ಇದೆ. ಕಣ್ಣು ಹೊರಳಿಸುವುದಕ್ಕೆ, ಎಚ್ಚರವಾಗಿರುವುದಕ್ಕೆ ಅದು ಬೇಕೇ ಬೇಕು. ಅಲ್ಲಿನ ಡೋಪಮೈನ್ ಕೋಶಗಳು ಸಾಯುತ್ತಾ ಹೋದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಫೀಸು ಕಟ್ಟಿ ‘ಆನ್’ ಮಾಡಿಸುವವರೆಗೂ ಅದು ಸುಮ್ಮನೆ ಮಲಗಿರುವುದಿಲ್ಲ. ಇದನ್ನೆಲ್ಲ ಹೇಳಿದ್ದಕ್ಕೆ ಚಿಕ್ಕಮ್ಮ, ‘ನೀನು ಪುಸ್ತಕದ್ದು ಹೇಳ್ತೀಯ. ನಾನು ಕಣ್ಣಾರೆ ನೋಡಿದೀನಿ ಕಣೇ’ ಅಂದರು. ನ್ಯಾಯವಾದ ಮಾತೇ. ಹಾಗಿದ್ದರೆ ಸರಿಯಾಗಿಯೇ ನೋಡೋಣ, ಅವನಿಗೆ ಇಷ್ಟವಿದ್ದರೆ ಮಾತ್ರ ಅಂದೆ. ಹುಡುಗ ಕುಣಿಯುತ್ತಾ ಒಪ್ಪಿದ.

ಇಂಥ ಪರೀಕ್ಷೆಗೆ ಗುರು ಯಾರು ಅಂದರೆ ಒಂದು ಕುದುರೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಕೂಡುವ, ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನಃಶಾಸ್ತ್ರಜ್ಞ ಅದನ್ನು ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ವರದಿ ಬರೆದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ! ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ತನಗರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ಗೊರಸು ನಿಲ್ಲಿಸುತ್ತಿತ್ತು. ಅದರ ಯಜಮಾನ ಮೋಸಗಾರನೇನಲ್ಲ, ಮನಸಾರೆ ನಂಬಿದ್ದವನು.

ಹಾಗಾಗಿ ನಮ್ಮ ನಡುಮನೆಯಲ್ಲೂ ನಿಯಮ ಮಾಡಿದೆವು. ಇಸ್ಪೀಟ್ ಎಲೆ, ಕೆಂಪೋ ಕಪ್ಪೋ ಅಷ್ಟೇ ಹೇಳಬೇಕು. ಪ್ರತಿ ಸಲ ಪೂರ್ತಿ ಕಟ್ಟನ್ನು ಕಲಸಿ ಒಂದೆಲೆ ತೆಗೆಯುವುದು. ನನಗೆ ಎಲೆಯ ಬೆನ್ನು ಮಾತ್ರ ಕಾಣಬೇಕು. ನನ್ನ ತಂಗಿ ಅವನ ಹಿಂದೆ ಕೂತು, ಬಾಯಿ ಬಿಡದೆ, ಎಲೆಯನ್ನೂ ಉತ್ತರವನ್ನೂ ಬರೆದುಕೊಳ್ಳಬೇಕು. ಪಟ್ಟಿ ಕೇಂದ್ರದವರು ಕೊಟ್ಟದ್ದೇ. ಶುರು ಮಾಡುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದೆ: 20ರಲ್ಲಿ 15 ಅಥವಾ ಹೆಚ್ಚು ಸರಿಯಾದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಸುಮಾರು ಶೇ 2. ಈ ಗೆರೆಯನ್ನು ಮೊದಲೇ ಎಳೆಯುವುದು ಬಹಳ ಮುಖ್ಯ. ಆಟ ಮುಗಿದ ಮೇಲೆ ಗೋಲ್ ಕಂಬ ನೆಟ್ಟರೆ ಯಾರು ಬೇಕಾದರೂ ಗೆಲ್ಲಬಹುದಲ್ಲ?

ಮೊದಲ ಸುತ್ತಿನಲ್ಲಿ ಎಲೆ ಅವನ ತೊಡೆಯ ಹತ್ತಿರ, ತರಗತಿಯಲ್ಲಿ ಹಿಡಿಯುವ ಹಾಗೆಯೇ. 20ಕ್ಕೆ 20! ಚಿಕ್ಕಮ್ಮನ ಮುಖ ನೋಡಬೇಕಿತ್ತು.

ಎರಡನೇ ಸುತ್ತಿನಲ್ಲಿ ಬದಲಾಯಿಸಿದ್ದು ಎಲೆ ಇರುವ ಜಾಗವನ್ನು ಮಾತ್ರ. ಅವನ ತಲೆಯನ್ನು ಗೋಡೆಗೆ ಒರಗಿಸಿ, ಎಲೆಯನ್ನು ಕಣ್ಣಿನ ನೇರಕ್ಕೆ ಹಿಡಿದೆ. ಬಟ್ಟೆಯೊಳಗಿಂದಲೇ ಕಾಣುವವನಿಗೆ ಇದು ಇನ್ನೂ ಸುಲಭವಾಗಬೇಕು. 20ಕ್ಕೆ 11 ಬಂತು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ನಾನು ಗೆದ್ದೆ ಅನ್ನಿಸಲಿಲ್ಲ. ಹುಡುಗ ಪಟ್ಟಿ ಬಿಚ್ಚಿ ತಲೆ ತಗ್ಗಿಸಿ ಕೂತಿದ್ದ. ಸಂಜೆ ತೋಟದ ಕಡೆ ಹೋದಾಗ ತಾನಾಗಿಯೇ ಹೇಳಿದ: ‘ಅಕ್ಕಾ, ಮೂಗಿನ ಹತ್ರ ಸಂದಿ ಇರುತ್ತೆ, ಕೆಳಗಡೆ ಕಾಣುತ್ತೆ. ಎಲ್ಲರಿಗೂ ಕಾಣುತ್ತೆ. ಕಾಣಲ್ಲ ಅಂದವರಿಗೆ ಮಿಸ್ಸು ನಿನ್ನದಿನ್ನೂ ಆ್ಯಕ್ಟಿವೇಟ್ ಆಗಿಲ್ಲ ಅಂತಾರೆ. ಅಮ್ಮ ದುಡ್ಡು ಕಟ್ಟಿದಾರಲ್ವಾ...’

ಒಂಬತ್ತು ವರ್ಷದ ಮಗು ಅಮ್ಮನ ದುಡ್ಡು ದಂಡವಾಗಬಾರದೆಂದು ಎರಡು ತಿಂಗಳಿಂದ ಸುಳ್ಳನ್ನು ಹೊತ್ತುಕೊಂಡು ತಿರುಗಿತ್ತು. ಹದಿನೆಂಟು ಸಾವಿರಕ್ಕಿಂತ ದೊಡ್ಡ ನಷ್ಟ ಇದು ಅಂತ ನನಗನ್ನಿಸಿತು. ದೊಡ್ಡ ಸಂಸ್ಥೆಗಳಲ್ಲಿ ಮನುಷ್ಯರ ಮೇಲೆ ಅಧ್ಯಯನ ಮಾಡುವ ಮೊದಲು ನೀತಿ ಸಮಿತಿಯ ಒಪ್ಪಿಗೆ ಬೇಕು, ಮಕ್ಕಳಾದರೆ ಇನ್ನಷ್ಟು ಎಚ್ಚರ ಬೇಕು ಎಂಬ ನಿಯಮ ಯಾಕಿದೆ ಎಂಬುದು ಆ ತೋಟದಲ್ಲಿ ಅರ್ಥವಾಯಿತು. ಎಲೆ ಎಣಿಸುವುದು ಸುಲಭ. ಎದುರಿಗೆ ಕೂತ ಮಗು ಆ ರಾತ್ರಿ ಹೇಗೆ ಮಲಗುತ್ತದೆ ಎಂಬುದನ್ನೂ ನೋಡಬೇಕಲ್ಲ. ಚಿಕ್ಕಮ್ಮನಿಗೆ ಅವನ ಮೇಲೆ ಒಂದು ಮಾತೂ ಹೇಳದೆ ಆ ಪಟ್ಟಿಯನ್ನೇ ಕೈಗೆ ಕೊಟ್ಟೆ, ಕಟ್ಟಿಕೊಂಡು ಕೆಳಗೆ ನೋಡಿ ಅಂದೆ. ಕಟ್ಟಿಕೊಂಡವರು ತಮ್ಮ ಸೀರೆಯ ಬಣ್ಣ ಹೇಳಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇಂಥ ತರಗತಿಗಳಿಗೆ ವರ್ಷಗಳ ಹಿಂದೆಯೇ ಸವಾಲು ಹಾಕಿದ್ದರು. ಆದರೂ ಇವು ನಡೆಯುತ್ತಲೇ ಇವೆ. ನನ್ನ ಪರೀಕ್ಷೆಯಿಂದ ಜಗತ್ತಿನಲ್ಲಿ ಯಾರಿಗೂ ಈ ಶಕ್ತಿ ಇಲ್ಲ ಎಂದೇನೂ ಸಾಬೀತಾಗಲಿಲ್ಲ. ಒಬ್ಬ ಹುಡುಗ, ಒಂದು ಮಧ್ಯಾಹ್ನ, ನಲವತ್ತು ಎಲೆ, ಅಷ್ಟೇ. ಎಲೆ ಮೇಲಕ್ಕೆ ಹೋದಾಗ ಶಕ್ತಿ ಹೋಯಿತು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಚಿಕ್ಕಮ್ಮ ಕೇಂದ್ರಕ್ಕೆ ಫೋನ್ ಮಾಡಿ, ಎಲೆ ಮೇಲೆ ಹಿಡಿದರೆ ಯಾಕೆ ಬರಲಿಲ್ಲ ಎಂದು ಕೇಳಿದರು. ‘ಅಪನಂಬಿಕೆ ಇರುವವರು ಎದುರಿಗಿದ್ದರೆ ಮಿಡ್‌ಬ್ರೈನ್ ಕೆಲಸ ಮಾಡಲ್ಲ ಮೇಡಂ’ ಎಂಬ ಉತ್ತರ ಬಂತು. ‘ಹಂಗಾದ್ರೆ ಮೊದಲನೇ ಸುತ್ತಲ್ಲೂ ಇವಳೇ ಎದುರಿಗಿದ್ದಳಲ್ಲ’ ಅಂದರು ಚಿಕ್ಕಮ್ಮ. ಅವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆ ಕಡೆಯಿಂದ ಫೋನ್ ಇಟ್ಟರಂತೆ. ಮೊದಲ ಹಂತದ ಫೀಸು ಇನ್ನೂ ವಾಪಸ್ ಬಂದಿಲ್ಲ.