ಸೂಜಿ ನುಡಿದ ಸಾಕ್ಷ್ಯ

ಹೊಲಿಗೆಯೆಂಬುದು ಹೆಂಗಸರ ಬಿಡುವಿನ ಕೆಲಸ, ಅದಕ್ಕೂ ರಾಜಕಾರಣಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮಲ್ಲಿ ಇಂದಿಗೂ ಉಂಟು. ಚರಕದ ನೂಲೆಳೆಯು ಒಂದು ಸಾಮ್ರಾಜ್ಯವನ್ನೇ ಪ್ರಶ್ನಿಸಿದುದನ್ನು ಕಂಡ ದೇಶದಲ್ಲಿ ಈ ಮಾತು ಏಳಬಾರದಾಗಿತ್ತು. ಎದ್ದಿರುವುದರಿಂದ, ದಕ್ಷಿಣ ಅಮೇರಿಕೆಯ ಚಿಲಿ ದೇಶದ ಬಡ ಸ್ತ್ರೀಯರು ಸೂಜಿದಾರಗಳಿಂದ ಏನು ಮಾಡಿದರೆಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

1973ನೆಯ ಸೆಪ್ಟೆಂಬರ್ 11ರಂದು ಸೇನಾಪತಿ ಪಿನೊಚೆಯೂ ಅವನ ಸಂಗಡಿಗರೂ, ಜನರಿಂದ ಚುನಾಯಿತವಾಗಿದ್ದ ಅಯೆಂಡೆಯ ಸರಕಾರವನ್ನು ಶಸ್ತ್ರಬಲದಿಂದ ಉರುಳಿಸಿದರು. ಶಾಸನಸಭೆ ಮುಚ್ಚಿತು; ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತು. 1990ರ ವರೆಗೆ ನಡೆದ ಆ ದಬ್ಬಾಳಿಕೆಯಲ್ಲಿ ಕೊಲೆಯಾದವರೂ ಕಾಣೆಯಾದವರೂ ಸೇರಿ 3,000ಕ್ಕೆ ಮಿಕ್ಕಿದರು. ಗಂಡನನ್ನೋ ಮಗನನ್ನೋ ಅರಸುತ್ತ ಠಾಣೆ, ಸೆರೆಮನೆ, ಶವಾಗಾರಗಳ ಬಾಗಿಲು ತಟ್ಟಿದ ಹೆಂಗಸರಿಗೆ, ಅಂಥವನನ್ನು ಬಂಧಿಸಿಯೇ ಇಲ್ಲವೆಂಬ ಉತ್ತರ ದೊರೆಯುತ್ತಿತ್ತು. 1975ರಲ್ಲಿ ಆ ಸರಕಾರದ ಪ್ರತಿನಿಧಿಯು ವಿಶ್ವಸಂಸ್ಥೆಯ ಮುಂದೆ, ಕಾಣೆಯಾದರೆನ್ನುವವರಲ್ಲಿ ಹಲವರಿಗೆ ಕಾನೂನಿನಂತೆ ಅಸ್ತಿತ್ವವೇ ಇಲ್ಲವೆಂದು ನುಡಿದನು.

ಹೀಗೆ ಇಲ್ಲವೆನಿಸಿದವರನ್ನು ಇದ್ದರೆಂದು ಸಾರಿದುದು ಸೂಜಿ. 1974ರಿಂದ ಸಾಂಟಿಯಾಗೋ ನಗರದ ಬಡ ಕೇರಿಗಳ ಸ್ತ್ರೀಯರು ಚರ್ಚಿನ ಆಶ್ರಯದಲ್ಲಿ ಕೂಡಿ ಹೊಲಿಯತೊಡಗಿದರು. ಗೋಣಿಯ ತುಂಡೇ ಪಟ. ಹಳೆಯ ಉಡುಪಿನ ಚಿಂದಿಯೇ ಬಣ್ಣ. ಗೋಣಿಬಟ್ಟೆಗೆ ಸ್ಪ್ಯಾನಿಷ್ ಭಾಷೆಯಲ್ಲಿರುವ ‘ಅರ್ಪಿಯೇರಾ’ ಎಂಬ ಹೆಸರೇ ಈ ಚಿತ್ರಗಳಿಗೂ ನಿಂತಿತು. ಮೇಲೆ ಆಂಡೀಸ್ ಪರ್ವತ, ಸೂರ್ಯ. ಕೆಳಗೆ ಮುಚ್ಚಿದ ಕಾರಖಾನೆ, ಹಸಿದ ಕೇರಿಯ ಸಾಮೂಹಿಕ ಅಡಿಗೆ, ಬಾಗಿಲೊಡೆಯುವ ಪೋಲೀಸರು, ‘ಎಲ್ಲಿದ್ದಾರೆ?’ ಎಂಬ ಫಲಕ ಹಿಡಿದು ನಿಂತ ಹೆಂಗಸರು. ಕೆಲವರು ಕಾಣೆಯಾದವನ ಬಟ್ಟೆಯ ಚೂರನ್ನೇ ಹೊಲಿದರು. 1978ರಲ್ಲಿ ಲೋಂಕೆನ್ ಎಂಬಲ್ಲಿ ಸುಣ್ಣದ ಗೂಡಿನೊಳಗೆ, ಐದು ವರ್ಷಗಳ ಹಿಂದೆ ಬಂಧಿತರಾಗಿದ್ದ 15 ಮಂದಿಯ ಅವಶೇಷಗಳು ಸಿಕ್ಕಿದಾಗ, ಆ ಗೂಡೂ ಪಟದಲ್ಲಿ ಮೂಡಿತು.

1976ರಲ್ಲಿ ಕಾರ್ಡಿನಲ್ ಸಿಲ್ವಾ ಎನ್ರೀಕೆಸ್ ಅವರು ಸ್ಥಾಪಿಸಿದ ಸಹಾಯಸಂಸ್ಥೆಯು ಈ ಪಟಗಳನ್ನು ಕೊಂಡು ಪರದೇಶಗಳಿಗೆ ಕಳುಹಿಸಿತು. ಹೆಂಗಸರ ಕಸೂತಿಯೆಂದು ಅಧಿಕಾರಿಗಳು ಮೊದಲು ಲಕ್ಷಿಸಲಿಲ್ಲ. ಆ ಅಲಕ್ಷ್ಯವೇ ಸತ್ಯಕ್ಕೆ ದಾರಿಯಾಯಿತು. ಎಚ್ಚತ್ತ ಬಳಿಕ ಸುಂಕದ ಕಟ್ಟೆಗಳಲ್ಲಿ ತಡೆದು ವಶಪಡಿಸಿಕೊಂಡುದೂ ಉಂಟು. ಸೂಜಿಗೆ ಅಂಜಿದ ಸರಕಾರದ ಧೈರ್ಯವೆಷ್ಟೆಂಬುದನ್ನು ವಾಚಕರೇ ಅಳೆಯಲಿ!

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಗಂಡಸರು ಕೆಲಸ ಕಳೆದುಕೊಂಡ ಮನೆಗಳನ್ನು ಈ ಸಂಪಾದನೆ ಸಲಹಿತು. ಹೊಲಿಯಲೆಂದು ಕೂಡಿದವರು ದುಃಖವನ್ನು ಹಂಚಿಕೊಂಡರು, ವಿಚಾರ ಮಾಡಿದರು, ಬೀದಿಗಿಳಿದು ನ್ಯಾಯ ಕೇಳಿದರು. ಮನೆಯೊಳಗಿನ ಕೆಲಸವೇ ಅವರನ್ನು ಹೊಸ್ತಿಲಾಚೆ ಕರೆತಂದಿತು.

ಸೂಜಿಯೊಂದೇ ಸರ್ವಾಧಿಕಾರಿಯನ್ನು ಇಳಿಸಿತೆಂದು ನಾವು ಹೇಳೆವು. 1988ರ ಜನಮತವು ಪಿನೊಚೆಯನ್ನು ನಿರಾಕರಿಸಿತು. 1990ರಲ್ಲಿ ಅವನು ಅಧ್ಯಕ್ಷಪದವಿಯನ್ನು ಬಿಟ್ಟನು. ಆದರೆ ಕಾಗದಪತ್ರಗಳು ಸುಳ್ಳು ಹೇಳಿದ ಕಾಲದಲ್ಲಿ ಗೋಣಿಯ ತುಂಡು ನಿಜ ಹೇಳಿತು. 2010ರಲ್ಲಿ ಸಾಂಟಿಯಾಗೋದಲ್ಲಿ ತೆರೆದ ಸ್ಮೃತಿ ಸಂಗ್ರಹಾಲಯವು ಆ ಪಟಗಳನ್ನು ಕಾಪಾಡುತ್ತಿದೆ. ಕಾಣೆಯಾದವರ ಶೋಧನೆಗೆ ರಾಷ್ಟ್ರೀಯ ಯೋಜನೆಯೊಂದನ್ನು ಸರಕಾರವೇ ಕೈಗೊಂಡುದು 2023ರಲ್ಲಿ, ಐವತ್ತು ವರ್ಷಗಳ ಮೇಲೆ! ಆ ಹೆಂಗಸರು ಹೊಲಿದ ಪ್ರಶ್ನೆಯನ್ನು ರಾಜ್ಯವು ತನ್ನದೆಂದು ಒಪ್ಪಲು ಅಷ್ಟು ಕಾಲ ಹಿಡಿಯಿತು. ಸ್ತ್ರೀಯರ ಕೈಗೆಲಸವನ್ನು ಕಾಲಕ್ಷೇಪವೆಂದು ತೂಗುವವರು ಇದನ್ನು ಕುರಿತು ಯೋಚಿಸಲಿ.