ರಸ್ತೆಗೆ ಬಂದ ದುಡ್ಡಿನ ಲೆಕ್ಕ ಕೇಳುವುದು ಹೇಗೆ?

ನಾನು ಕೆಲಸ ಮಾಡುವ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕೂ ಇದೆ, ಎರ್ನಾಕುಳಂ ಕಲೆಕ್ಟರೇಟೂ ಇದೆ. ಆದರೆ ಇವತ್ತಿನ ವಿಷಯ ಬಂದದ್ದು ಊರಿಂದ, ಕಾಸರಗೋಡು ಕಡೆಯಿಂದ. ಅಪ್ಪ ಫೋನ್ ಮಾಡಿ, "ತೋಟದ ಬದಿಯ ಕಾಂಕ್ರೀಟು ರಸ್ತೆ ಒಂದೇ ಮಳೆಗಾಲಕ್ಕೆ ಎದ್ದು ಹೋಯ್ತು ಮಾರಾಯ, ಯಾರ ಹತ್ರ ಕೇಳುವುದು?" ಅಂದರು.

ಮೊದಲು ದುಡ್ಡು ಬರುವ ದಾರಿ ನೋಡುವ. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ ಶುರುವಾದಾಗ, ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಅಂತ ತೀರ್ಮಾನ ಆಯ್ತು. ಯಾವ ಕೆಲಸ ಬೇಕು ಅಂತ ಹೇಳಬೇಕಾದ್ದು ವಾರ್ಡಿನ ಗ್ರಾಮಸಭೆ. 1994ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ನೂರಕ್ಕೆ 10 ಜನ ಬಂದರೆ ಕೋರಂ.

ಆಡಿಟ್ ಇಲ್ವಾ? ಇದೆ. ಆದರೆ ಆಡಿಟ್ ಹೆಚ್ಚಾಗಿ ನೋಡುವುದು ಕಡತವನ್ನು. ವೋಚರ್ ಸರಿ, ಸಹಿ ಸರಿ, ಟೆಂಡರ್ ಸರಿ. ಇಷ್ಟಿದ್ದೂ ಕಾಂಕ್ರೀಟು ತೆಳ್ಳಗಿರಬಹುದು. ನಮ್ಮಲ್ಲೂ ಹೀಗೇ, ಟೆಸ್ಟ್ ಎಲ್ಲ ಪಾಸ್, ಆ್ಯಪ್ ಮಾತ್ರ ಓಪನ್ ಆಗುವುದಿಲ್ಲ!

ಹಾಗಾಗಿ ಕೇಳಬೇಕಾದ ಕಾಗದ ಎರಡು: ಎಸ್ಟಿಮೇಟ್ ಮತ್ತು ಅಳತೆ ಪುಸ್ತಕ, ಅಂದರೆ ಎಂ ಬುಕ್. ಉದ್ದ, ಅಗಲ, ದಪ್ಪ ಎಷ್ಟು ಅಂತ ಅದರಲ್ಲಿ ಬರೆದಿರ್ತದೆ. ಬಿಲ್ ಪಾಸಾಗುವುದು ಅದರ ಮೇಲೆಯೇ. ಪುಸ್ತಕದಲ್ಲಿ ಆರು ಇಂಚು ಇದ್ದು, ರಸ್ತೆಯ ಅಂಚಿನಲ್ಲಿ ಟೇಪ್ ಹಿಡಿದಾಗ ನಾಲ್ಕೇ ಬಂದರೆ ವಿಷಯ ಗೊತ್ತಾಯ್ತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಅದರ 2(ಜೆ) ಕಲಂ: ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಲಿಕ್ಕೆ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲಿಕ್ಕೆ ಹಕ್ಕಿದೆ.

ನಮ್ಮವರಿಗೆ ಇನ್ನೊಂದು ತೊಡಕು, ಭಾಷೆ. ಕಾಮಗಾರಿಯ ಬೋರ್ಡು ಮಲಯಾಳದಲ್ಲಿ. ಅಪ್ಪನಿಗೆ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ಬರುವುದಿಲ್ಲ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಇಷ್ಟಾಗಿಯೂ ದಾರಿ ಕಾಣದಿದ್ದರೆ ತಿರುವನಂತಪುರದಲ್ಲಿ ಸ್ಥಳೀಯ ಸಂಸ್ಥೆಗಳಿಗೆಂದೇ ಒಬ್ಬರು ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿಗೆ ದೂರು ಕೊಡಬಹುದು.

ಅಪ್ಪ ಅರ್ಜಿ ಬರೆದಾಯ್ತು, ಕನ್ನಡದಲ್ಲೇ. ಅಮ್ಮನ ಚಿಂತೆ ಬೇರೆ: ಕಂಟ್ರಾಕ್ಟರು ನಮಗೆ ದೂರದ ಸಂಬಂಧಿಕರು, ಮುಂದಿನ ತಿಂಗಳು ಒಂದು ಮದುವೆಯಲ್ಲಿ ಎದುರಾಗ್ತಾರೆ.